ಅಪೂರ್ಣ ಕೃತಿಯೂ ಅಂಕಿತದ ಧರ್ಮವೂ

ಕಾವ್ಯವಾಗಲಿ, ಗಾನವಾಗಲಿ, ಆರಂಭಗೊಂಡುದೆಲ್ಲವೂ ಮಂಗಳವನ್ನು ಕಾಣುವುದೆಂಬ ನಿಯಮವಿಲ್ಲ. ಕವಿಯ ಆಯುಸ್ಸು ಕಾವ್ಯದ ಆಯುಸ್ಸಿಗಿಂತ ಕಿರಿದಾಗುವುದುಂಟು. ಹಿರಿಯರು ಅರ್ಧಕ್ಕೆ ನಿಲ್ಲಿಸಿಹೋದ ಕೃತಿಯನ್ನು ಕಿರಿಯರು ಏನು ಮಾಡಬೇಕು? ಹಾಗೆಯೇ ಬಿಟ್ಟು ಕೈಮುಗಿಯಬೇಕೆ? ಮುಂದುವರಿಸಿ ಪೂರ್ಣಗೊಳಿಸಬೇಕೆ? ಪೂರ್ಣಗೊಳಿಸುವುದಾದರೆ ತಮ್ಮ ಕೈವಾಡವನ್ನು ಮರೆಸಬೇಕೆ, ಮೆರೆಸಬೇಕೆ? ಈ ಪ್ರಶ್ನೆಯು ಸಾಹಿತ್ಯಕ್ಕೆ ಎಷ್ಟು ಹಳೆಯದೋ ಸಂಗೀತಕ್ಕೂ ಅಷ್ಟೇ ಹಳೆಯದು. ಧ್ವನಿಮುದ್ರಣದ ವಿದ್ಯೆ ಬಂದ ಮೇಲಂತೂ ಅದಕ್ಕೆ ಹೊಸದೊಂದು ಮುಖವೇ ಒದಗಿದೆ.

ನಮ್ಮ ಪೂರ್ವಿಕರು ಈ ವಿಷಯದಲ್ಲಿ ಬಿಟ್ಟುಹೋದ ದೃಷ್ಟಾಂತಗಳು ಅಲ್ಪವಲ್ಲ. ಬಾಣಭಟ್ಟನು ‘ಕಾದಂಬರಿ’ಯನ್ನು ನಡುವೆಯೇ ಬಿಟ್ಟು ಅಗಲಿದಾಗ ಅವನ ಮಗ ಭೂಷಣಭಟ್ಟನು ಉತ್ತರಭಾಗವನ್ನು ರಚಿಸಿದನು. ತಾನು ಕವಿತ್ವದ ಗರ್ವದಿಂದ ಇದಕ್ಕೆ ಕೈಹಚ್ಚಲಿಲ್ಲ, ಕಥೆ ಮುರಿದುದಕ್ಕಾಗಿ ಸಜ್ಜನರು ಪಟ್ಟ ವ್ಯಥೆಯನ್ನು ಕಂಡು ತೊಡಗಿದೆನೆಂದು ಆತನು ಮೊದಲಿಗೇ ವಿನಯದಿಂದ ತಿಳಿಸಿದ್ದಾನೆ. ಅಮೋಘವರ್ಷನೃಪತುಂಗನ ಗುರುವಾದ ಜಿನಸೇನಾಚಾರ್ಯರು ಸಂಸ್ಕೃತ ‘ಆದಿಪುರಾಣ’ದ 42 ಪರ್ವಗಳನ್ನು ಮುಗಿಸಿ, 43ನೆಯದರ ಕೆಲವೇ ಶ್ಲೋಕಗಳನ್ನು ಬರೆದು ನಿಲ್ಲಿಸಿದರು. ಉಳಿದುದನ್ನು ತುಂಬಿ ‘ಉತ್ತರಪುರಾಣ’ವನ್ನು ಬೆಳೆಸಿದವರು ಅವರ ಶಿಷ್ಯ ಗುಣಭದ್ರಾಚಾರ್ಯರು. ಕುಮಾರವ್ಯಾಸನು ಹತ್ತು ಪರ್ವಗಳಿಗೆ ಭಾರತವನ್ನು ನಿಲ್ಲಿಸಲು, ಶ್ರೀಕೃಷ್ಣದೇವರಾಯನ ಆಶ್ರಯದಲ್ಲಿದ್ದ ತಿಮ್ಮಣ್ಣಕವಿಯು ಅದೇ ಭಾಮಿನೀ ಷಟ್ಪದಿಯಲ್ಲಿ ಮುಂದಿನ ಪರ್ವಗಳನ್ನು ಹಾಡಿದನು. ನೇಮಿಚಂದ್ರನ ‘ನೇಮಿನಾಥ ಪುರಾಣ’ದ ಗತಿಯೇ ಬೇರೆ. ಅದು ಅಪೂರ್ಣವಾಗಿಯೇ ಉಳಿಯಿತು. ಕನ್ನಡಿಗರು ಅದನ್ನು ‘ಅರ್ಧನೇಮಿ’ ಎಂದು ಕರೆದು, ಕೊರತೆಯನ್ನೇ ಹೆಸರಾಗಿಸಿ ಗೌರವಿಸಿದರು.

ರಾಯಚೂರು ಸೀಮೆಯವರಿಗೆ ಇನ್ನೂ ಸಮೀಪದ ನಿದರ್ಶನವೊಂದುಂಟು. ಮಾನ್ವಿಯ ಜಗನ್ನಾಥದಾಸರ ‘ಹರಿಕಥಾಮೃತಸಾರ’ದ ಸಂಧಿಗಳಲ್ಲಿ ‘ಜಗನ್ನಾಥವಿಠಲ’ ಎಂಬ ಅಂಕಿತವಿದೆ. ಕಡೆಯ ಫಲಶ್ರುತಿ ಸಂಧಿಯಾದರೋ ಅವರ ಶಿಷ್ಯರಾದ ಶ್ರೀದವಿಠಲರದು. ಗುರುವಿನ ಗ್ರಂಥಕ್ಕೆ ಶಿಷ್ಯನು ತನ್ನ ಮಾತನ್ನು ಜೋಡಿಸಿದರೂ ಅದು ತನ್ನದೆಂಬುದನ್ನು ಮರೆಮಾಚಲಿಲ್ಲ. ಈ ಎಲ್ಲ ದೃಷ್ಟಾಂತಗಳಿಂದ ಹೊರಡುವ ತಾತ್ಪರ್ಯವೊಂದೇ: ಪೂರ್ತಿಗೊಳಿಸುವುದು ದೋಷವಲ್ಲ, ಹಿರಿಯರ ಮಾತೆಲ್ಲಿ ಮುಗಿಯಿತು, ಕಿರಿಯರ ಮಾತೆಲ್ಲಿ ತೊಡಗಿತು ಎಂಬ ಎಲ್ಲೆಯನ್ನು ಅಳಿಸುವುದು ದೋಷ.

ಇದೇ ಒರೆಗಲ್ಲನ್ನು ಹಿಡಿದು ಪಾಶ್ಚಾತ್ಯ ಸಂಗೀತದತ್ತ ನೋಡಬಹುದು. ಅಲ್ಲಿಯ ವಯೊಲಿನ್ ಕನ್ನಡಿಗರಿಗೆ ಪರಕೀಯವಲ್ಲ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ದಕ್ಷಿಣದ ಸಂಗೀತಕ್ಕೆ ಒಗ್ಗಿಸಿದರು. ಅದು ಪಿಟೀಲೆನಿಸಿ ಮನೆಮಾತಾಯಿತು. ಮೈಸೂರಿನ ಟಿ. ಚೌಡಯ್ಯನವರು (1895–1967) ನಾಲ್ಕು ತಂತಿಗಳ ಆ ವಾದ್ಯಕ್ಕೆ ಮತ್ತೆ ಮೂರನ್ನು ಕೂಡಿಸಿ, ಧ್ವನಿವರ್ಧಕವಿಲ್ಲದ ದೊಡ್ಡ ಸಭೆಗೂ ಕೇಳುವಂತೆ ನಾದವನ್ನು ತುಂಬಿಸಿದರು. ಪಾಶ್ಚಾತ್ಯರಲ್ಲಿ ‘ಕಾನ್ಚೆರ್ಟೊ’ ಎಂಬುದು ಒಬ್ಬ ಪ್ರಧಾನ ವಾದಕನೂ ವಾದ್ಯವೃಂದವೂ ಸಂವಾದ ನಡೆಸುವ ದೀರ್ಘ ಪ್ರಬಂಧ. ಅದರೊಳಗೆ ‘ಕೆಡೆನ್ಜಾ’ ಎಂಬ ತಾಣವುಂಟು. ಅಲ್ಲಿ ವೃಂದವು ಮೌನವಾಗಿ, ಪ್ರಧಾನ ವಾದಕನೊಬ್ಬನೇ ತನ್ನ ಪ್ರತಿಭೆಯನ್ನು ಮೆರೆಯುತ್ತಾನೆ. ಬೇತೊವನ್ 1806ರಲ್ಲಿ ರಚಿಸಿದ ವಯೊಲಿನ್ ಕಾನ್ಚೆರ್ಟೊದಲ್ಲಿ ವಯೊಲಿನ್ನಿಗೆಂದು ಕೆಡೆನ್ಜಾವನ್ನು ಬರೆಯಲೇ ಇಲ್ಲ. ಯೋಆಖಿಮ್, ಕ್ರೈಸ್ಲರ್ ಮೊದಲಾದ ವಾದಕರು ತಮ್ಮ ತಮ್ಮ ರಚನೆಗಳಿಂದ ಆ ತೆರವನ್ನು ತುಂಬಿದರು. ನಮ್ಮಲ್ಲಿ ಕೃತಿಕಾರನು ನೆರವಲಿಗೂ ಕಲ್ಪನಾಸ್ವರಕ್ಕೂ ಎಡೆಯಿಟ್ಟಂತೆಯೇ ಇದು. ಉತ್ತಮ ಧ್ವನಿಮುದ್ರಿಕೆಗಳು ನುಡಿಸಿದ ಕೆಡೆನ್ಜಾ ಯಾರದೆಂಬುದನ್ನು ಹೆಸರಿಸುತ್ತವೆ.

ಎಲ್ಲೆಯ ಪ್ರಶ್ನೆ ತೀಕ್ಷ್ಣವಾಗಿ ತೋರುವುದು ಶೂಮನ್ನನ ವಯೊಲಿನ್ ಕಾನ್ಚೆರ್ಟೊದಲ್ಲಿ. ಅದನ್ನು ಆತನು 1853ರಲ್ಲಿ ರಚಿಸಿದನು. ಮರುವರ್ಷವೇ ಚಿತ್ತಸ್ವಾಸ್ಥ್ಯವನ್ನು ಕಳೆದುಕೊಂಡು 1856ರಲ್ಲಿ ತೀರಿಕೊಂಡನು. ಮಿತ್ರನಾದ ಯೋಆಖಿಮ್ ಆ ಕೃತಿಯಲ್ಲಿ ಬಳಲಿದ ಮನಸ್ಸಿನ ಛಾಯೆಯನ್ನು ಕಂಡು ಅದನ್ನು ಮರೆಯಲ್ಲಿರಿಸಿದನು. ಕಡೆಗೆ 1937ರಲ್ಲಿ ಬರ್ಲಿನ್ನಿನಲ್ಲಿ ಅದು ಬೆಳಕು ಕಂಡಿತು. ಅಂದು ಕುಲೆನ್‌ಕಾಂಫ್ ನುಡಿಸಿದ್ದು ತಿದ್ದಿದ ಪಾಠ. ಯೆಹೂದಿ ಮೆನುಹಿನ್ ಮೂಲಪಾಠವನ್ನೇ ಪಟ್ಟುಹಿಡಿದು ನುಡಿಸಿ, 1938ರಲ್ಲಿ ಧ್ವನಿಮುದ್ರಿಸಿದನು. ಗ್ರಂಥಸಂಪಾದನೆಯಲ್ಲಿ ಪಾಠಾಂತರಗಳನ್ನು ತೂಗಿ ನೋಡುವವರಿಗೆ ಈ ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಾಖ್‌ನ ಕೃತಿಗಳದು ಮತ್ತೊಂದು ಬಗೆ. ಹಾರ್ಪ್ಸಿಕಾರ್ಡಿಗಾಗಿ ಉಳಿದುಬಂದ ಅವನ ಡಿ ಮೈನರ್ ಕಾನ್ಚೆರ್ಟೊ ಮೊದಲು ವಯೊಲಿನ್ನಿಗಾಗಿ ಹುಟ್ಟಿರಬೇಕೆಂದು ಅನೇಕ ವಿದ್ವಾಂಸರು ಊಹಿಸಿದ್ದಾರೆ. ಆ ಮೂಲವು ಲುಪ್ತವಾಗಿದೆ. ಉಳಿದ ರೂಪದಿಂದ ಹಿಂದಕ್ಕೆ ನಡೆದು ಲುಪ್ತರೂಪವನ್ನು ಮತ್ತೆ ಕಟ್ಟಿದ ಪಾಠಗಳು ಧ್ವನಿಮುದ್ರಿಕೆಗಳಲ್ಲಿ ದೊರೆಯುತ್ತವೆ. ದುರ್ಗಸಿಂಹನ ಕನ್ನಡ ‘ಪಂಚತಂತ್ರ’ಕ್ಕೆ ಆಧಾರವಾದ ವಸುಭಾಗಭಟ್ಟನ ಸಂಸ್ಕೃತ ಮೂಲವು ಕಳೆದುಹೋಗಿ, ಅದರ ಸ್ವರೂಪವನ್ನು ಕನ್ನಡದಿಂದಲೇ ಊಹಿಸಬೇಕಾದುದನ್ನು ಬಲ್ಲವರಿಗೆ ಈ ಪರಿಶ್ರಮದ ಬೆಲೆ ತಿಳಿಯುತ್ತದೆ. ಅದು ಊಹೆಯೆಂಬುದನ್ನು ಊಹಿಸಿದವನು ಹೇಳಬೇಕು, ಅಷ್ಟೆ.

ಇನ್ನು ಕರ್ತೃವೇ ಬೇಡವೆಂದರೆ ಏನು ಗತಿ? ಇಂಗ್ಲೆಂಡಿನ ಎಲ್ಗಾರ್ ತನ್ನ ಮೂರನೆಯ ಸಿಂಫನಿಯ ಕರಡುಗಳನ್ನಷ್ಟೇ ಬಿಟ್ಟು 1934ರಲ್ಲಿ ತೀರಿಕೊಂಡನು. ಅವನ್ನು ಯಾರೂ ಮುಟ್ಟಕೂಡದೆಂಬುದು ಅವನ ಮರಣಶಯ್ಯೆಯ ಕೋರಿಕೆ. ಆದರೂ ಆ ಕರಡುಗಳು ಅಚ್ಚಿನಲ್ಲಿ ಬಂದಿದ್ದವು. ಕಾಲಾಂತರದಲ್ಲಿ ಯಾರು ಬೇಕಾದರೂ ಕೈಯಾಡಿಸಬಹುದಾದ ಸ್ಥಿತಿ ಒದಗಲಿರಲು, ಅವನ ಮನೆತನದವರು ಆಂಟನಿ ಪೇಯ್ನ್ ಎಂಬ ವಾಗ್ಗೇಯಕಾರನಿಗೆ ಒಪ್ಪಿಗೆಯನ್ನಿತ್ತರು. 1998ರಲ್ಲಿ ಆ ಸಿಂಫನಿ ಸಭೆಯಲ್ಲಿ ಮೊಳಗಿತು. ಅದರ ಶೀರ್ಷಿಕೆಯಲ್ಲಿಯೇ ಎಲ್ಗಾರನ ಕರಡು, ಪೇಯ್ನನ ವಿಸ್ತರಣ ಎಂಬ ಭೇದವನ್ನು ಕಾಣಿಸಲಾಗಿದೆ. ಮೃತನ ಮಾತನ್ನು ಮೀರಿದುದು ಸರಿಯೇ ಎಂಬ ವಿವಾದ ಉಳಿದೇ ಇದೆ. ಆದರೆ ಕೇಳುಗನನ್ನು ವಂಚಿಸಿದ ಅಪವಾದ ಅದಕ್ಕಿಲ್ಲ.

ಈ ವಿಶಾಲ ಕಥೆಯಲ್ಲಿ ಕನ್ನಡನಾಡಿನ ಪಾತ್ರವೂ ಇದೆಯೆಂಬುದು ಹಲವರಿಗೆ ಅಚ್ಚರಿಯಾದೀತು. ಮೈಸೂರಿನ ಶ್ರೀ ಜಯಚಾಮರಾಜ ಒಡೆಯರು (1919–1974) ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಪಾಶ್ಚಾತ್ಯ ಸಂಗೀತದಲ್ಲಿಯೂ ಅವರ ಪರಿಶ್ರಮ ಆಳವಾದುದು. ಪಿಯಾನೊವಾದಕರಾಗಬೇಕೆಂಬ ಅವರ ಯೌವನದ ಹಂಬಲವನ್ನು 1940ರಲ್ಲಿ ಹೆಗಲೇರಿದ ರಾಜ್ಯಭಾರವು ತಡೆಯಿತು. ಆ ಹಂಬಲವು ದಾನವಾಗಿ ಹೊರಹೊಮ್ಮಿತು. ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ವಾಗ್ಗೇಯಕಾರನು ಲಂಡನ್ನಿನಲ್ಲಿ ವೃದ್ಧಾಪ್ಯ, ರೋಗ, ಅರ್ಥಾಭಾವಗಳಿಂದ ಬಳಲುತ್ತಿದ್ದಾಗ, 1940ರ ದಶಕದ ಕೊನೆಯಲ್ಲಿ ಒಡೆಯರು ಅವನ ಹೆಸರಿನ ಸಂಘವೊಂದಕ್ಕೆ ದ್ರವ್ಯವನ್ನೊದಗಿಸಿ ಅವನ ಕೃತಿಗಳನ್ನು ಧ್ವನಿಮುದ್ರಿಸುವಂತೆ ಮಾಡಿದರು. ಮೆಟ್ನರನೇ ಪಿಯಾನೊ ನುಡಿಸಿ, ತನ್ನ ಮೂರು ಕಾನ್ಚೆರ್ಟೊಗಳನ್ನೂ ಹಲವು ಗೀತೆಗಳನ್ನೂ ಮುದ್ರಿಸಿದನು. ಆಗಿನ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ನಾಲ್ಕೈದು ನಿಮಿಷಗಳ ನಾದ ಮಾತ್ರ. ಒಂದು ಕಾನ್ಚೆರ್ಟೊ ಮುಗಿಯುವಷ್ಟರಲ್ಲಿ ಕೇಳುಗನು ಹಲವು ಬಾರಿ ತಟ್ಟೆಯನ್ನು ತಿರುವಬೇಕಾಗಿತ್ತು. ಆತನು ಯೌವನದಲ್ಲಿ ತೊಡಗಿ ದಶಕಗಳ ಕಾಲ ಬಳಿಯಿರಿಸಿಕೊಂಡಿದ್ದ ಪಿಯಾನೊ ಪಂಚಕವನ್ನು 1949ರಲ್ಲಿ ಮುಗಿಸಿದನು. ಕೃತಜ್ಞನಾಗಿ ಮೂರನೆಯ ಕಾನ್ಚೆರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ್ದನು. 1951ರಲ್ಲಿ ಆತನು ತೀರಿಕೊಂಡನು. ದಾನವು ಒಂದೆರಡು ವರ್ಷ ತಡವಾಗಿದ್ದರೆ ಆ ಬೆರಳುಗಳ ನಾದ ಲೋಕಕ್ಕೆ ಈ ಪ್ರಮಾಣದಲ್ಲಿ ಉಳಿಯುತ್ತಿರಲಿಲ್ಲ.

ಇನ್ನೊಂದು ಪ್ರಸಂಗವೂ ಅಷ್ಟೇ ಸ್ಮರಣೀಯ. ಜರ್ಮನಿಯ ರಿಚರ್ಡ್ ಸ್ಟ್ರೌಸ್ 1948ರಲ್ಲಿ ಕೆಲವು ಗೀತೆಗಳನ್ನು ರಚಿಸಿ, ಅವುಗಳ ಗಾಯನವನ್ನು ಕೇಳದೆಯೇ 1949ರಲ್ಲಿ ತೀರಿಕೊಂಡನು. ಅವುಗಳಲ್ಲಿ ನಾಲ್ಕನ್ನು ಒಂದುಗೂಡಿಸಿ ‘ನಾಲ್ಕು ಕೊನೆಯ ಗೀತೆಗಳು’ ಎಂಬ ಹೆಸರನ್ನಿತ್ತವನು ಪ್ರಕಾಶಕನಾದ ಎರ್ನ್‌ಸ್ಟ್ ರಾತ್. ಸ್ಟ್ರೌಸನು ಆ ಹೆಸರನ್ನಿಟ್ಟವನಲ್ಲ. ಒಡೆಯರು ದ್ರವ್ಯಸಹಾಯದ ಭರವಸೆಯಿತ್ತುದರಿಂದ 1950ರ ಮೇ 22ರಂದು ಲಂಡನ್ನಿನಲ್ಲಿ ಫ್ಲಾಗ್‌ಸ್ಟಾಡ್ ಎಂಬ ಗಾಯಕಿ, ಫುರ್ಟ್‌ವೆಂಗ್ಲರನ ನಿರ್ದೇಶನದಲ್ಲಿ ಅವನ್ನು ಮೊದಲಬಾರಿಗೆ ಹಾಡಿದಳು. ಅಂದಿನ ಗಾಯನವನ್ನು ತಟ್ಟೆಗಳಲ್ಲಿ ಮುದ್ರಿಸಿ ಮೈಸೂರಿಗೆ ಕಳುಹಿಸಲಾಯಿತು. ಅಂದು ಹಾಡಿದ ಅನುಕ್ರಮವು ಮುದ್ರಿತ ಗ್ರಂಥದ ಅನುಕ್ರಮಕ್ಕಿಂತ ಭಿನ್ನ: ಗ್ರಂಥದಲ್ಲಿ ಮೊದಲನೆಯದಾದ ವಸಂತದ ಗೀತೆ ಅಂದು ಮೂರನೆಯದಾಗಿತ್ತು, ವಯೊಲಿನ್ನೊಂದೇ ಹೃದಯವನ್ನು ತೋಡಿಕೊಳ್ಳುವ, ನಿದ್ರೆಗೆ ಜಾರುವ ಹೊತ್ತಿನ ಗೀತೆ ಮೊದಲನೆಯದಾಗಿತ್ತು. ಕರ್ತೃವು ಕಾಣದ ಮಾಲೆಯನ್ನು ಇತರರು ಎರಡು ಬಗೆಯಾಗಿ ಪೋಣಿಸಿದರು. ಅದನ್ನು ಕಿವಿಗೆ ಕೇಳಿಸುವ ಸಾಕ್ಷಿಯಾಗಿ ಒರಟು ನಾದದ ಆ ಮುದ್ರಣ ಉಳಿದುಬಂದಿದೆ.

ಮಾಲೆ ಪೋಣಿಸುವ ಕಾರ್ಯಕ್ಕೆ ಕನ್ನಡದಲ್ಲಿ ‘ಶೂನ್ಯಸಂಪಾದನೆ’ಗಿಂತ ಮಿಗಿಲಾದ ಉದಾಹರಣೆಯಿಲ್ಲ. ಚದುರಿದ್ದ ವಚನಗಳನ್ನು ಶಿವಗಣಪ್ರಸಾದಿ ಮಹಾದೇವಯ್ಯನು ಅಲ್ಲಮಪ್ರಭುವಿನ ಸುತ್ತ ಸಂವಾದವಾಗಿ ಜೋಡಿಸಿದನು. ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯ ಎಂಬ ಮೂವರು ಮುಂದೆ ಅದನ್ನು ಪರಿಷ್ಕರಿಸಿದರು. ಜೋಡಣೆ ಮೂರು ಬಾರಿ ಬದಲಾದರೂ ವಚನವು ತನ್ನ ಒಡೆಯನನ್ನು ಕಳೆದುಕೊಳ್ಳಲಿಲ್ಲ. ಏಕೆಂದರೆ ಪ್ರತಿಯೊಂದರ ಕೊನೆಯಲ್ಲಿಯೂ ಅಂಕಿತವಿತ್ತು. ‘ಗುಹೇಶ್ವರ’ ಎಂದೊಡನೆ ಅಲ್ಲಮನು ಎದುರು ನಿಲ್ಲುತ್ತಾನೆ. ಕೃಷ್ಣಾತೀರದಲ್ಲಿ, ಆ ಪ್ರಭುವಿನ ನೆನಹನ್ನು ಹೊತ್ತು ನಿಂತ ದೇವದುರ್ಗ ಸೀಮೆಯ ಗೂಗಲ್ ಗ್ರಾಮದ ಜನಕ್ಕೆ ಅಂಕಿತದ ಬಲವನ್ನು ಹೊರಗಿನವರು ಕಲಿಸಬೇಕಾಗಿಲ್ಲ.

ಅಂಕಿತವೆಂಬುದು ಅಹಂಕಾರದ ಮುದ್ರೆಯಲ್ಲ, ಪ್ರಾಮಾಣಿಕತೆಯ ಮುದ್ರೆ. ಓಲೆಗರಿಯಲ್ಲಿ ಲಿಪಿಕಾರನ ಹೆಸರು, ಧ್ವನಿಮುದ್ರಿಕೆಯ ಮೇಲೆ ವಾದಕನ ಹೆಸರು, ಮರಳಿ ಕಟ್ಟಿದ ಕೃತಿಯ ಶೀರ್ಷಿಕೆಯಲ್ಲಿ ಕಟ್ಟಿದವನ ಹೆಸರು, ಇವೆಲ್ಲವೂ ಒಂದೇ ಧರ್ಮದ ಭಿನ್ನರೂಪಗಳು. ಗ್ರಾಮಗ್ರಾಮಗಳಲ್ಲಿ ಇಂದಿಗೂ ಕಟ್ಟು ಬಿಚ್ಚದ ಓಲೆಗರಿಗಳಿವೆ. ತಟ್ಟೆಗಳಲ್ಲಿಯೂ ಟೇಪುಗಳಲ್ಲಿಯೂ ಹಿರಿಯ ಗಾಯಕರ, ತತ್ತ್ವಪದಕಾರರ ಕಂಠಗಳು ಧೂಳು ಹಿಡಿಯುತ್ತಿವೆ. ಟೇಪು ಜೀರ್ಣವಾಗುವುದಕ್ಕೆ ಓಲೆಗರಿಯಷ್ಟು ಶತಮಾನಗಳು ಬೇಕಾಗಿಲ್ಲ. ಅವುಗಳ ಮೇಲೆ ಹೆಸರು, ಊರು, ವರ್ಷಗಳನ್ನು ಬರೆದಿಡುವುದು ಅಧ್ಯಾಪಕರಿಂದಲೂ ವಿದ್ಯಾರ್ಥಿಗಳಿಂದಲೂ ಆಗಬಹುದಾದ ಕೆಲಸ. ಪ್ರತಿ ತೆಗೆಸಿ ಕಾಪಾಡುವುದು ದಾನಿಗಳ ಸಹಾಯದಿಂದ ಆಗಬೇಕಾದ ಕೆಲಸ. ಮೈಸೂರಿನ ಅರಸರು ದೂರದೇಶದ ವೃದ್ಧನೊಬ್ಬನ ನಾದವನ್ನು ಉಳಿಸಿದರು. ಸ್ವಂತ ಊರಿನ ವೃದ್ಧರ ನಾದಕ್ಕೆ ಅಷ್ಟು ದೊಡ್ಡ ಭಂಡಾರವೂ ಬೇಕಾಗದು. ಕಾಲ ಮೀರುವ ಮೊದಲೇ ಮಾಡುವ ಮನಸ್ಸು ಬೇಕು.