ನನ್ನ ಮೆಚ್ಚಿನ ಬೈಬಲ್

ಹೋದ ವರ್ಷ ವಸತಿಗೃಹದಲ್ಲಿ ನನ್ನ ಕೋಣೆಯ ಗೆಳೆಯನು ಒಂದು ಸಂಜೆ, "ಬೈಬಲನ್ನು ಒಮ್ಮೆ ಓದಿ ನೋಡಬೇಕೆಂದಿದ್ದೇನೆ, ನಿನ್ನದನ್ನು ಕೊಡುತ್ತೀಯೇನು?" ಎಂದು ಕೇಳಿದನು. "ಯಾವುದನ್ನು ಕೊಡಲಿ?" ಎಂದೆ. ಅವನು ನಕ್ಕುಬಿಟ್ಟನು. "ಇರುವುದೇ ಒಂದು ಬೈಬಲ್. ಅದರಲ್ಲಿ ಯಾವುದು ಎಂದರೇನು?" ಅವನು ನಕ್ಕುದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಇದೇ ಪ್ರಶ್ನೆಯಿಂದ ನಮ್ಮ ಮನೆಯಲ್ಲಿ ಹಿಂದೊಮ್ಮೆ ಮೂರು ದಿನ ಮಾತುಕತೆಯೇ ನಿಂತುಹೋಗಿತ್ತೆಂಬುದು ಅವನಿಗೇನು ಗೊತ್ತು!

ಬೈಬಲಿನ ಹಳೆಯ ಒಡಂಬಡಿಕೆಯ ಮೂಲಭಾಷೆ ಹೀಬ್ರೂ, ಕೆಲವೆಡೆ ಅರಾಮಿಕ್. ಹೊಸ ಒಡಂಬಡಿಕೆಯದು ಗ್ರೀಕ್. ಇವನ್ನರಿಯದ ನಮ್ಮಂಥವರ ಕೈಗೆ ಬರುವುದೆಲ್ಲ ಅನುವಾದವೇ. ವ್ಯಾಸಭಾರತವನ್ನು ಪಂಪನು ಹೇಳಿದ ರೀತಿ ಒಂದು, ಗದುಗಿನ ಕುಮಾರವ್ಯಾಸನು ಹಾಡಿದ ರೀತಿ ಇನ್ನೊಂದು. ಮೂಲದಲ್ಲಿ ಹೀಗಿಲ್ಲವಲ್ಲ ಎಂದು ನಾವು ಅವರೊಡನೆ ಜಗಳಕ್ಕೆ ನಿಲ್ಲುವುದಿಲ್ಲ. ಬೈಬಲಿನ ಅನುವಾದಕನಿಗೆ ಕವಿಯ ಆ ಸ್ವಾತಂತ್ರ್ಯವಿಲ್ಲ. ಅವನು ಕೂಡಿಸಿದ ಮಾತಿಗೂ ಬಿಟ್ಟ ಮಾತಿಗೂ ಉತ್ತರ ಹೇಳಬೇಕಾಗುತ್ತದೆ. ಹಾಗಿದ್ದರೂ ಇಬ್ಬರು ಅನುವಾದಕರ ಕನ್ನಡ ಒಂದೇ ಆಗುವುದಿಲ್ಲ. ತೊಡಕು ಇರುವುದು ಇಲ್ಲಿಯೇ.

ನಮ್ಮೂರು ಬೆಟಗೇರಿ. ನಮ್ಮದು ಮಗ್ಗದ ಮನೆ. ನನಗೆ ತಿಳಿವಳಿಕೆ ಬಂದಾಗಿನಿಂದ ಸಂಜೆಯ ಪ್ರಾರ್ಥನೆಗೆ ನಮ್ಮಲ್ಲಿ ಇದ್ದುದು ಒಂದೇ ಪುಸ್ತಕ, ಅಜ್ಜಿಯ 'ಸತ್ಯವೇದ'. ಅದರ ರಟ್ಟು ಹರಿದಾಗ ಅಜ್ಜ ಮಗ್ಗದ ಮೇಲಿನ ತುಂಡು ಬಟ್ಟೆಯನ್ನೇ ಅದಕ್ಕೆ ಹೊಲಿದಿದ್ದನಂತೆ. ಆ ಕನ್ನಡಕ್ಕೆ ದೊಡ್ಡ ವಂಶಾವಳಿ ಉಂಟು. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಮತ್ತು ಅವನ ಜೊತೆಗಾರರು ಎರಡು ದಶಕಗಳ ಕಾಲ ದುಡಿದು ಇಡೀ ಬೈಬಲನ್ನು ಕನ್ನಡಕ್ಕೆ ತಂದರು. ಮುಂದೆ ಬಾಸೆಲ್ ಮಿಷನ್ನಿನ ವೈಗ್ಲೆ, ಮೋಗ್ಲಿಂಗ್ ಮೊದಲಾದವರು ಅದನ್ನು ತಿದ್ದಿದರು. 1843ರಲ್ಲಿ 'ಮಂಗಳೂರು ಸಮಾಚಾರ'ವನ್ನು ಹೊರಡಿಸಿದ, ದಾಸರ ಪದಗಳನ್ನು ಅಚ್ಚು ಹಾಕಿಸಿದ ಮೋಗ್ಲಿಂಗನೇ ಈತ. ಇಪ್ಪತ್ತನೆಯ ಶತಮಾನದಲ್ಲಿ ಅದು ಇನ್ನೊಮ್ಮೆ ಪರಿಷ್ಕಾರಗೊಂಡಿತು.

ಈ ಹಳೆಯ ಅನುವಾದದ ಹೆಸರುಗಳನ್ನೇ ನೋಡಿರಿ. ಮೊದಲ ಪುಸ್ತಕ 'ಆದಿಕಾಂಡ', ಎರಡನೆಯದು 'ವಿಮೋಚನಕಾಂಡ'. ರಾಮಾಯಣದ ಕಾಂಡಗಳನ್ನು ಕೇಳಿದ ಕಿವಿಗೆ ಇದು ಹೊರಗಿನದೆನಿಸದು. ದಾವೀದನ ಹಾಡುಗಳು ಇಲ್ಲಿ 'ಕೀರ್ತನೆ'ಗಳಾಗಿವೆ. ಇಡೀ ಗ್ರಂಥವೇ 'ವೇದ'ವಾಗಿದೆ. ನಮ್ಮ ಅಜ್ಜಿ ಶಾಲೆಯ ಮುಖ ಹೆಚ್ಚಾಗಿ ಕಂಡವಳಲ್ಲ. ಆದರೂ ಎಷ್ಟೋ ಕೀರ್ತನೆಗಳು ಅವಳಿಗೆ ಬಾಯಿಪಾಠ. ಕಣ್ಣು ಮಸುಕಾದ ಮೇಲೆ ಓದುವ ಕೆಲಸ ಹಿರಿಯ ಮೊಮ್ಮಗನಾದ ನನ್ನ ಪಾಲಿಗೆ ಬಂತು. ನಾನು ಒಂದು ಅಕ್ಷರ ತಪ್ಪಿದರೆ ಅವಳು ಹೊರಸಿನ ಮೇಲಿಂದಲೇ ತಿದ್ದುವಳು.

ಕಾಲೇಜು ಸೇರಿದ ವರ್ಷ ವಿದ್ಯಾರ್ಥಿವೇತನದ ಹಣದಲ್ಲಿ ನಾನು ಸರಳ ಕನ್ನಡದ ಹೊಸ ಅನುವಾದವೊಂದನ್ನು ಕೊಂಡುಕೊಂಡೆ. ಅದರಲ್ಲಿ 'ಯೆಹೋವ'ನ ಬದಲು 'ಸರ್ವೇಶ್ವರ', 'ಸುವಾರ್ತೆ'ಯ ಬದಲು 'ಶುಭಸಂದೇಶ', ಇಪ್ಪತ್ತಮೂರನೆಯ ಕೀರ್ತನೆಯ 'ಕುರುಬ'ನ ಬದಲು 'ಕುರಿಗಾಹಿ'. ಉದ್ದುದ್ದನೆಯ ವಾಕ್ಯಗಳನ್ನು ಒಡೆದು ಚಿಕ್ಕವಾಗಿಸಿದ್ದರು. ರಜೆಯಲ್ಲಿ ಊರಿಗೆ ಹೋದವನು ಬಹಳ ಹೆಮ್ಮೆಯಿಂದ ಪ್ರಾರ್ಥನೆಯಲ್ಲಿ ಅದನ್ನೇ ಓದಿದೆ. ಅಜ್ಜಿ ಕೊನೆಯವರೆಗೂ ಸುಮ್ಮನಿದ್ದು, "ಇದು ನಮ್ಮ ವೇದ ಅಲ್ಲೋ ತಮ್ಮಾ. ಪೇಪರ್ ಓದಿಧಂಗ ಆಗತೈತಿ" ಎಂದಳು.

ನನಗೆ ರೇಗಿತು. ಪೌಲನ ಪತ್ರವೊಂದರಿಂದ ಹಳೆಯ ಅನುವಾದದ ತೊಡಕಾದ ವಾಕ್ಯವೊಂದನ್ನು ತೆಗೆದು, "ಇದರ ಅರ್ಥ ಹೇಳು ನೋಡೋಣ. ತಿಳೀಲಾರದ್ದನ್ನ ಬಾಯಿಪಾಠ ಮಾಡಿದರ ಏನು ಬಂತು?" ಎಂದುಬಿಟ್ಟೆ. ಮನೆಯವರೆಲ್ಲ ಅಲ್ಲಿಯೇ ಇದ್ದರು. ಅಜ್ಜಿ ಮಾತಾಡಲಿಲ್ಲ. ತನ್ನ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಹೊಲಿಗೆಯನ್ನು ಬೆರಳಿನಿಂದ ಸವರುತ್ತ ಕುಳಿತಳು. ಮರುದಿನ ನನಗೆ ಓದೆಂದು ಯಾರೂ ಹೇಳಲಿಲ್ಲ. ಅದರ ಮರುದಿನವೂ ಇಲ್ಲ.

ಮೂರನೆಯ ದಿನ ಮಧ್ಯಾಹ್ನ ಅವ್ವ ಕಂಡಿಕೆ ಸುತ್ತುವುದನ್ನು ಬಿಟ್ಟು ನನ್ನ ಹೊಸ ಪುಸ್ತಕವನ್ನು ತೆಗೆದುಕೊಂಡಳು. ಅವಳು ಓದಿದ್ದು ನಾಲ್ಕನೆಯ ಇಯತ್ತೆ. ಹಳೆಯ ಪುಸ್ತಕವನ್ನು ಅವಳು ಕಣ್ಣಿಗೊತ್ತಿಕೊಂಡುದನ್ನು ನೋಡಿದ್ದೆನೇ ಹೊರತು ಓದಿದುದನ್ನು ನೋಡಿರಲಿಲ್ಲ. ಅಂದು ಅಕ್ಷರ ಕೂಡಿಸಿ ಕೂಡಿಸಿ, ತಪ್ಪಿಹೋದ ಮಗನ ಕಥೆಯನ್ನು ತಾನೇ ಓದಿ ಮುಗಿಸಿದಳು. ಕಿರಿಯ ಮಗ ಆಸ್ತಿ ಹಾಳುಮಾಡಿ ಮರಳಿ ಬರುತ್ತಾನೆ. ತಂದೆ ಹಬ್ಬ ಮಾಡುತ್ತಾನೆ. ದುಡಿಯುತ್ತಿದ್ದ ಹಿರಿಯ ಮಗ ಸಿಟ್ಟಾಗಿ ಹೊರಗೇ ನಿಲ್ಲುತ್ತಾನೆ. ಅವ್ವ ತಲೆಯೆತ್ತಿ, "ಹಿರೇ ಮಗ ಹೇಳೂದರಾಗ ತಪ್ಪೇನೈತಿ?" ಎಂದಳು. ಇಪ್ಪತ್ತು ವರ್ಷ ಗುಡಿಯಲ್ಲಿ ಕೇಳಿದ ಕಥೆ. ಆ ಪ್ರಶ್ನೆ ಅವಳ ಬಾಯಿಂದ ಬಂದುದು ಅಂದೇ.

ಉತ್ತರ ಬಂದುದು ಹೊರಸಿನಿಂದ. "ಅಪ್ಪ ಹೊರಗ ಎದ್ದು ಬಂದು ಅವನ್ನ ಬೇಡಿಕೊಂಡನಲ್ಲ, ಅದನ್ನ ಯಾಕ ಬಿಡತಿ? ಕಿರಿಯಾವನ ಕಡೆ ಓಡಿದಂಗ ಹಿರಿಯಾವನ ಕಡೀಗೂ ಬಂದ. ಇಬ್ಬರ ಸಲುವಾಗೂ ಅಂವಾ ಹೊರಗ ಬಂದಾನ." ಅವ್ವ ಮತ್ತೆ ಪುಸ್ತಕದಲ್ಲಿ ಬೆರಳಿಟ್ಟು ಹುಡುಕಿದಳು. ಇತ್ತು. "ಹಂಗಾದರ ಅಂವಾ ಒಳಗ ಹೋದನೇನು?" "ಬರದಿಲ್ಲ" ಎಂದಳು ಅಜ್ಜಿ.

ನಾನು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ತಿಳಿಯದೆ ಬಾಯಿಪಾಠ ಮಾಡಿದವಳು ಎಂದೆನಲ್ಲ, ಆ ಕಥೆಯನ್ನು ಎಷ್ಟೋ ಸಲ ಓದಿದ ನನಗೆ ಇದು ಹೊಳೆದಿರಲಿಲ್ಲ. ಹೊಸ ಪುಸ್ತಕವಿಲ್ಲದಿದ್ದರೆ ಅವ್ವ ಕೇಳುತ್ತಿರಲಿಲ್ಲವೆಂಬುದೂ ನಿಜ. ಅಂದು ಸಂಜೆ ನಾನಾಗಿಯೇ ಒಳಗೆ ಹೋಗಿ ಅಜ್ಜಿಯ ಪುಸ್ತಕವನ್ನು ಬಿಚ್ಚಿದೆ. ಮೊದಲ ಸಾಲಿನಲ್ಲಿಯೇ ಅವಳು ನನ್ನ ಉಚ್ಚಾರವನ್ನು ತಿದ್ದಿದಳು. ಮಾತು ಮತ್ತೆ ಶುರುವಾಯಿತು.

ಅಂದಿನಿಂದ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುವ ಯೋಚನೆಯನ್ನೇ ಬಿಟ್ಟಿದ್ದೇನೆ. ಗಟ್ಟಿಯಾಗಿ ಓದುವಾಗ ನನಗೆ ಹಳೆಯದೇ ಬೇಕು. ಅದರ ನಡಿಗೆ ಉಸಿರಿಗೆ ಹೊಂದುತ್ತದೆ. ತಿಳಿಯಲು ಓದುವಾಗ ಹೊಸದನ್ನು ಪಕ್ಕದಲ್ಲಿಡುತ್ತೇನೆ. ಅಭ್ಯಾಸಕ್ಕಾದರೆ ಎರಡೂ ಸಾಲವು. ಆಗ 1611ರ ಕಿಂಗ್ ಜೇಮ್ಸ್ ಅನುವಾದವನ್ನೂ 1952ರ ಪರಿಷ್ಕೃತ ಇಂಗ್ಲಿಷ್ ಅನುವಾದವನ್ನೂ ಹರವಿಕೊಂಡು ಕೂಡುತ್ತೇನೆ. ಅನುವಾದಗಳು ಒಪ್ಪುವೆಡೆ ಮುಂದೆ ಸಾಗಬಹುದು. ಒಪ್ಪದಿರುವೆಡೆ ನಿಲ್ಲಬೇಕು, ಮೂಲದಲ್ಲಿ ಏನೋ ಇದೆಯೆಂದು ಅರ್ಥ. 'ಪ್ರಸಂಗಿ'ಯ ಪುಸ್ತಕದಲ್ಲಿ ಮತ್ತೆ ಮತ್ತೆ ಬರುವ 'ವ್ಯರ್ಥ' ಎಂಬ ಮಾತಿಗೆ ಹೀಬ್ರೂವಿನಲ್ಲಿರುವುದು 'ಹೆಬೆಲ್'. ಅದರ ಮೂಲಾರ್ಥ ಉಸಿರು, ಆವಿ. ವ್ಯರ್ಥವೆಂಬುದು ತೀರ್ಪು, ಆವಿಯೆಂಬುದು ಕಣ್ಣೆದುರಿನ ನೋಟ. ಆವಿ ನಿಲ್ಲುವುದಿಲ್ಲ, ನಿಜ. ಆದರೆ ಅದು ಇರಲೇ ಇಲ್ಲವೆನ್ನಲಾಗುವುದೆ? ಅಜ್ಜಿ ತೀರಿಕೊಂಡ ಚಳಿಗಾಲದಲ್ಲಿ ಈ ಒಂದು ಶಬ್ದ ನನ್ನನ್ನು ಹಿಡಿದು ನಿಲ್ಲಿಸಿತು.

ಈಗ ಮನೆಯಲ್ಲಿ ಸಂಜೆ ಓದುವವಳು ಅವ್ವ. ಅಜ್ಜಿಯ ಪುಸ್ತಕವನ್ನೇ ಓದುತ್ತಾಳೆ. ತಿಳಿಯದೆಡೆ ನನ್ನದನ್ನು ನೋಡುತ್ತಾಳೆ. ಅದಕ್ಕೆಂದೇ ನನ್ನದನ್ನು ಅಲ್ಲಿ ಬಿಟ್ಟು, ವಸತಿಗೃಹಕ್ಕೆ ಎರಡರ ಬೇರೆ ಪ್ರತಿಗಳನ್ನು ತಂದುಕೊಂಡಿದ್ದೇನೆ.

ಗೆಳೆಯನಿಗೆ ಹೊಸದನ್ನು ಕೊಟ್ಟೆ. ವಾರದ ಮೇಲೆ ಹಿಂದಿರುಗಿಸಲು ಬಂದವನು, "ಎಲ್ಲ ಸರಿ. ಆ ಹಿರಿಯ ಮಗ ಕೊನೆಗೆ ಒಳಗೆ ಹೋದನೋ ಇಲ್ಲವೋ?" ಎಂದು ಕೇಳಿದನು. ನಾನು ಮಾತಾಡದೆ ಹಳೆಯ ಅನುವಾದವನ್ನು ಅವನ ಕೈಗಿತ್ತೆ. ಅವನು ಅಲ್ಲಿಯೇ ನಿಂತು ಹಾಳೆ ತಿರುವಿ ಓದಿ, "ಇದರಲ್ಲಿಯೂ ಬರೆದಿಲ್ಲವಲ್ಲೋ!" ಎಂದನು.