ಬ್ಯಾರನ್ ಪಕ್ಕದ ಹಿತ್ತಲು

ಸುಮಾರು ದಿನ ಆಯ್ತು ಉದ್ದಕ್ಕೆ ಏನೂ ಬರೆದಿರಲಿಲ್ಲ. ಹೊಗೆಸೊಪ್ಪು ಮುರಿಯೋದು, ಕಟ್ಟೋದು, ಬೇಯಿಸೋದು ಅಂತ ಕೈ ಬಿಡುವಿರಲಿಲ್ಲ. ಈಗ ಬ್ಯಾರನ್ ತಣ್ಣಗಾಗಿದೆ. ಇವತ್ತು ತಂಬಾಕು ರೇಟಿನ ಬಗ್ಗೆ ಬರೆಯಲ್ಲ, ಅದನ್ನ ಹರಾಜು ಕಟ್ಟೆಯಲ್ಲೇ ಬಾಯಿ ನೋಯೋಷ್ಟು ಮಾತಾಡಿದ್ದೀವಿ. ನಮ್ಮ ಹಿತ್ತಲಿನ ತರಕಾರಿ ವಿಷಯ ಬರೀತೀನಿ.

ಮೊದಲು ನಾಚಿಕೆಯ ಮಾತು. ಮೂರು ಎಕರೆ ಜಮೀನಿಟ್ಟುಕೊಂಡಿರೋ ನಾನು ಹೋದ ವರ್ಷದ ತನಕ ಹಸಿಮೆಣಸಿನಕಾಯಿ, ಕೊತ್ತಂಬರಿ, ಕೊನೆಗೆ ಕರಿಬೇವನ್ನೂ ದುಡ್ಡು ಕೊಟ್ಟು ತರ್ತಿದ್ದೆ. ಬೆಳಗ್ಗೆ ಎಂಟಕ್ಕೆ ಊರೊಳಕ್ಕೆ ತರಕಾರಿ ಆಟೋ ಬರುತ್ತೆ, ಮೈಕಲ್ಲಿ ಕೂಗ್ಕೊಂಡು. ಸುತ್ತ ಚೀಲ ಹಿಡ್ಕೊಂಡು ನಿಂತಿರೋರು ಯಾರು ಅಂತ ನೋಡಿದ್ರೆ ಎಲ್ಲಾ ರೈತರ ಮನೆಯವರೇ. ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆ ಹೊಗೆಸೊಪ್ಪು ಬೆಳೆಯೋ ಯಾವ ಊರಿಗೆ ಹೋದ್ರೂ ಇದೇ ಕಥೆ. ಒಂದೆಲೆಯನ್ನೂ ಬಾಯಿಗೆ ಹಾಕಿಕೊಳ್ಳಕ್ಕಾಗದ ಸೊಪ್ಪನ್ನ ಎಕರೆಗಟ್ಟಲೆ ಬೆಳೀತೀವಿ, ತಿನ್ನೋ ಸೊಪ್ಪಿಗೆ ಆಟೋ ಕಾಯ್ತೀವಿ.

ಹಿಂದೆ ಹೀಗಿರಲಿಲ್ಲ. ಕರ್ನಾಟಕದಲ್ಲಿ ತಂಬಾಕು ಮಂಡಳಿ ಹರಾಜು ಶುರುವಾಗಿದ್ದು 1984ರಲ್ಲಿ, ನಾನಾಗ ಶಾಲೆ ಹುಡುಗ. ಅಪ್ಪ ಆಗಲೇ ಹೊಗೆಸೊಪ್ಪು ಹಾಕ್ತಿದ್ರು, ಆದ್ರೂ ಮನೆ ಹಿಂದಿನ ಜಾಗ ಅವ್ವನದು. ಬಚ್ಚಲ ನೀರು ಹೋಗೋ ಕಡೆ ಬಾಳೆ, ಕೆಸುವು. ಬೇಲಿ ಮೇಲೆ ಹೀರೆ, ಚಪ್ಪರದವರೆ. ತಿಪ್ಪೆ ಮೇಲೆ ಕುಂಬಳ, ಅದನ್ನ ಯಾರೂ ನೆಟ್ಟಿದ್ದಲ್ಲ. ದಂಟು, ಕೀರೆ, ನುಗ್ಗೆ, ಎರಡು ಬದನೆ ಗಿಡ. ಮಧ್ಯಾಹ್ನ ನೆಂಟರು ಬಂದ್ರೆ ಅವ್ವ ಮಡಿಲು ಕಟ್ಟಿಕೊಂಡು ಹಿಂದಕ್ಕೆ ಹೋಗಿ ಹತ್ತು ನಿಮಿಷಕ್ಕೆ ಸಾರಿಗೆ ಸಾಮಾನು ತರ್ತಿದ್ಲು. ಬೀಜನೆಲ್ಲ ಬೂದಿ ಬೆರೆಸಿ ಒಣಗಿದ ಸೋರೆಬುರುಡೆಯಲ್ಲಿ ಹಾಕಿ ಅಡುಗೆ ಮನೆ ಅಟ್ಟದಲ್ಲಿ, ಹೊಗೆ ತಾಗೋ ಕಡೆ ನೇತು ಹಾಕ್ತಿದ್ಲು.

ಆ ಹಿತ್ತಲು ಕೆಡಿಸಿದವನು ನಾನೇ. ಎರಡನೇ ಬ್ಯಾರನ್ ಕಟ್ಟಬೇಕು, ಸೌದೆ ಪೇರಿಸೋಕೆ ಜಾಗ ಬೇಕು, ಮನೆ ಹತ್ರ ನೀರಿರೋದ್ರಿಂದ ಸಸಿ ಮಡಿನೂ ಅಲ್ಲೇ ಆಗಲಿ ಅಂತ ಎರಡು ದಿನದಲ್ಲಿ ಎಲ್ಲಾ ಕಿತ್ತು ಸಮ ಮಾಡಿಸ್ದೆ. ಅವ್ವ ಏನೂ ಅನ್ನಲಿಲ್ಲ. ಬಟ್ಟೆ ಒಗೆಯೋ ಕಲ್ಲಿನ ಹತ್ರ ಒಂದು ಅವರೆ ಬಳ್ಳಿ ಉಳಿಸಿಕೊಂಡಿದ್ಲು. ಅದೂ ನಾನು ಕಳೆನಾಶಕ ಹೊಡೆದಾಗ ಸುಟ್ಟು ಹೋಯ್ತು. ಆಗಲೂ ಏನೂ ಅನ್ನಲಿಲ್ಲ. ಬೈದಿದ್ರೆ ಚೆನ್ನಾಗಿತ್ತು ಅಂತ ಈಗ ಅನ್ನಿಸುತ್ತೆ.

ಹೋದ ವರ್ಷ ಒಂದಿನ ಅವ್ವ ಮಸ್ಸೊಪ್ಪಿನ ತಟ್ಟೆ ಹಾಗೇ ತಳ್ಳಿದಳು. "ಔಷಧಿ ವಾಸ್ನೆ" ಅಂದ್ಲು. ವಯಸ್ಸಾಯ್ತು, ಬಾಯಿ ರುಚಿ ಕೆಟ್ಟಿದೆ ಅಂದುಕೊಂಡೆ. ಅಡುಗೆ ಮನೆಗೆ ಹೋಗಿ ಉಳಿದ ಹಸಿ ಸೊಪ್ಪಿನ ಕಟ್ಟು ಮೂಸಿ ನೋಡಿದ್ರೆ ಆ ವಾಸನೆ ನನಗೆ ಚೆನ್ನಾಗಿ ಗೊತ್ತಿರೋದು. ನಾನೂ ಅದನ್ನೇ ಕ್ಯಾನಿಗೆ ತುಂಬಿಕೊಂಡು ಹೊಡೆಯೋದು. ಸೊಪ್ಪು ಬೆಳೆದವನನ್ನ ಬೈಯೋಕೆ ನನಗೆ ಯಾವ ಮುಖ ಇತ್ತು?

ಎರಡನೇ ಬ್ಯಾರನ್ ಹಿಂದೆ ಮೂವತ್ತು ನಲವತ್ತು ಅಡಿ ಜಾಗ ಬಿಡಿಸ್ದೆ. ಮೈಸೂರಲ್ಲಾದ್ರೆ ಇಷ್ಟಕ್ಕೆ ಸೈಟು ಅಂತಾರೆ, ಲಕ್ಷಗಟ್ಟಲೆ ಹೇಳ್ತಾರೆ. ಕೊಟ್ಟಿಗೆ ಗೊಬ್ಬರ ಎರಡು ಗಾಡಿ ಹೊಡೆದು, ಬಚ್ಚಲ ನೀರು ತಿರುಗಿಸ್ದೆ.

ಮೊದಲ ಸಲ ಟೊಮೆಟೊದಲ್ಲಿ ಸೋತೆ. ನಲವತ್ತು ಸಸಿ ನೆಟ್ಟೆ, ತಿಂಗಳೊಳಗೆ ಎಲೆ ಮೇಲೆ ಹಸಿರು ಹಳದಿ ಮಚ್ಚೆ, ಸುಕ್ಕು, ಬೆಳವಣಿಗೆ ಇಲ್ಲ. ನೀರು ಹೆಚ್ಚಾಯ್ತು ಅಂತ ಕಡಿಮೆ ಮಾಡ್ದೆ, ಗೊಬ್ಬರ ಸಾಲದು ಅಂತ ಹಾಕ್ದೆ. ಕೃಷಿ ಓದಿರೋ ನಮ್ಮೂರ ಹುಡುಗ ಒಬ್ಬ ಬಂದವನು ಗಿಡ ನೋಡ್ಲಿಲ್ಲ, ನನ್ನ ಕೈ ನೋಡ್ದ. ಹೊಗೆಸೊಪ್ಪಿನ ಅಂಟು ಹತ್ತಿ ಬೆರಳೆಲ್ಲ ಕಪ್ಪಗಿತ್ತು. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ, ಹೊಗೆಸೊಪ್ಪು ಎಲ್ಲಾ ಒಂದೇ ಕುಲದವು ಕಣ್ರಪ್ಪ. ಹೊಗೆಸೊಪ್ಪಿನ ಮೊಸಾಯಿಕ್ ವೈರಸ್ಸು ಕೈಯಿಂದ ಕೈಗೇ ಟೊಮೆಟೊಗೆ ಹೋಗುತ್ತೆ. ಒಣಗಿದ ಎಲೆಯಲ್ಲೂ ಸಾಯಲ್ಲ, ಬೀಡಿ ಸೇದಿ ಬಂದು ಸಸಿ ಮುಟ್ಟಿದ್ರೂ ಸಾಕಂತೆ. ಎಲೆ ಮುದುರು ರೋಗ ಬೇರೆ, ಅದನ್ನ ಬಿಳಿ ನೊಣ ಹೊತ್ತು ತರುತ್ತೆ, ಅದಕ್ಕೂ ಈ ಎಲ್ಲಾ ಗಿಡ ಬೇಕು. ಸಸಿ ಮಡಿ ಪಕ್ಕ ಬದನೆ ಟೊಮೆಟೊ ಹಾಕಬೇಡಿ ಅಂತ ನಮಗೆ ಎಷ್ಟು ಸಲ ಹೇಳಿಲ್ಲ! ಹೊಗೆಸೊಪ್ಪು ಕಾಪಾಡೋಕೆ ಆ ಮಾತು ಕೇಳಿದ್ವಿ, ಟೊಮೆಟೊ ಕಾಪಾಡೋಕೂ ಅದೇ ಮಾತು ಅಂತ ತಲೆಗೆ ಹೋಗಿರಲಿಲ್ಲ.

ನಲವತ್ತೂ ಕಿತ್ತು ಸುಟ್ಟೆ. ಆಮೇಲೆ ಬೆಳಗ್ಗೆ ಎದ್ದ ತಕ್ಷಣ ಹಿತ್ತಲ ಕೆಲಸ ಮುಗಿಸಿ, ಆಮೇಲೆ ಹೊಗೆಸೊಪ್ಪಿಗೆ ಹೋಗೋದು ಅಂತ ಮಾಡಿಕೊಂಡೆ. ಮಧ್ಯದಲ್ಲಿ ಹಿತ್ತಲಿಗೆ ಬಂದ್ರೆ ಸೋಪು ಹಾಕಿ ಮೊಣಕೈವರೆಗೆ ತೊಳೆಯೋದು. ಈ ವರ್ಷ ಹಿತ್ತಲ ಕಡೆಯ ಎಂಟು ಸಾಲಿಗೆ ಹೊಗೆಸೊಪ್ಪು ಬಿಟ್ಟು ಮುಸುಕಿನ ಜೋಳ ಹಾಕ್ದೆ, ಔಷಧಿ ಗಾಳಿಗೂ ನೊಣಕ್ಕೂ ಅಡ್ಡ ಇರಲಿ ಅಂತ. ಎಂಟು ಸಾಲು ಬಿಟ್ಟಿದ್ದಕ್ಕೆ ಮಗ ಮೂರು ದಿನ ಮುಖ ಊದಿಸಿಕೊಂಡಿದ್ದ. ಟೊಮೆಟೊ ಈ ಸಲ ಹದಿನೈದೇ ಗಿಡ, ಹನ್ನೊಂದು ಚೆನ್ನಾಗಿ ಬಂದವು.

ಬ್ಯಾರನ್ ಬೂದಿ ಹಿತ್ತಲಿಗೆ ಒಳ್ಳೇದು. ಅವರೆ ಕುಡಿಗೆ ಹೇನು ಬಿದ್ದಾಗ ಬೆಳಗಿನ ಇಬ್ಬನಿ ಇರುವಾಗಲೇ ಉದುರಿಸಿದ್ರೆ ಕಡಿಮೆ ಆಗುತ್ತೆ. ಆದ್ರೆ ಪುಕ್ಕಟೆ ಸಿಗುತ್ತೆ ಅಂತ ಬುಟ್ಟಿಗಟ್ಟಲೆ ಸುರೀಬೇಡಿ. ನಾನು ಸುರಿದು ಒಂದು ಮಡಿ ಮೂಲಂಗಿ ಹಳದಿ ಮಾಡಿಕೊಂಡೆ.

ಸೋರೆ, ಕುಂಬಳ ಹೂ ಬಿಟ್ಟು ಉದುರ್ತಾ ಇದ್ವು, ಕಾಯಿ ಇಲ್ಲ. ಸುತ್ತ ಔಷಧಿ ಹೊಡೆದೂ ಹೊಡೆದೂ ಜೇನು ಎಲ್ಲಿಂದ ಬರಬೇಕು? ನನ್ನ ಹೆಂಡತಿ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸೋಕೆ ಶುರು ಮಾಡಿದ್ಲು. ಕುಂಬಳದ ಹೂ ಬೆಳಗಿನ ಜಾವ ಅರಳುತ್ತೆ, ಸೋರೆದು ಸಂಜೆ. ಹಾಗಾಗಿ ದಿನಕ್ಕೆರಡು ಸಲ ಮದುವೆ ಮಾಡಿಸೋ ಕೆಲಸ ಅಂತ ನಗ್ತಾಳೆ. ನವಿಲಿನ ಕಾಟಕ್ಕೆ ಮಾತ್ರ ಇನ್ನೂ ದಾರಿ ಕಂಡಿಲ್ಲ. ಹಳೇ ಸೀರೆ ಕಟ್ಟಿದೀವಿ, ಈಗ ಅದರ ಕೆಳಗೇ ನುಗ್ಗುತ್ತವೆ. ಕೋಟೆ ಕಡೆಯ ಸ್ನೇಹಿತರಿಗೆ ಇದು ಹೇಳಿದ್ರೆ, "ನಿಮಗೆ ನವಿಲಲ್ವಾ, ನಮಗೆ ಆನೆ" ಅಂತ ಬಾಯಿ ಮುಚ್ಚಿಸ್ತಾರೆ. ಬಾಳೆ, ಹಲಸು ಮನೆ ಹತ್ರ ಇಡೋಕೇ ಅವರು ಹೆದರ್ತಾರೆ.

ಹೀರೆ ಬೀಜದ್ದು ಬೇರೆ ಕಥೆ. ಅಂಗಡಿಯಿಂದ ತಂದ ಹೈಬ್ರಿಡ್ ಪೊಟ್ಟಣದ್ದು ಕಾಯಿ ಚೆನ್ನಾಗೇ ಬಿಡ್ತು, ಆದ್ರೆ ಅವ್ವ ತಿಂದು, "ನೀರು" ಅಂದ್ಲು. ಅವಳ ಸೋರೆಬುರುಡೆ ಯಾವತ್ತೋ ಒಡೆದು ಹೋಗಿತ್ತು. ನಮ್ಮ ಅಕ್ಕನ್ನ ಕೆ.ಆರ್.ನಗರ ಕಡೆ ಕೊಟ್ಟಿದೆ. ಅಲ್ಲಿಗೆ ಗೃಹಪ್ರವೇಶಕ್ಕೆ ಹೋದಾಗ ಗದ್ದೆ ಬದುವಿನ ಬೇಲಿ ಮೇಲೆ ಗಿಡ್ಡ, ದಪ್ಪ ಏಣಿನ ಹೀರೆ ನೋಡ್ದೆ. "ಇದು ಯಾವುದಕ್ಕಾ?" ಅಂದ್ರೆ, "ನಮ್ಮದೇ ಕಣೋ, ಅವ್ವ ನನ್ನ ಮದುವೇಲಿ ಕೊಟ್ಟಿದ್ದು" ಅಂದ್ಲು. ಮೂವತ್ತು ವರ್ಷದಿಂದ ಹಾಕ್ತಾ ಬಂದಿದ್ದಾಳೆ. ಬೀಜ ಕಾಗದದಲ್ಲಿ ಕಟ್ಟಿಸಿಕೊಂಡು ಅಂಗಿ ಜೇಬಲ್ಲಿಟ್ಟುಕೊಂಡು ಬಂದೆ. ಬಸ್ಸಲ್ಲಿ ನಾಲ್ಕು ಸಲ ಮುಟ್ಟಿ ನೋಡಿಕೊಂಡಿರಬೇಕು.

ಆರಿದ್ರ ಮಳೆಗೆ ಊರಿದ್ದು, ಮಖೆ ಮಳೆ ಹೊತ್ತಿಗೆ ಕಾಯಿ. ಮೊದಲ ಕಾಯನ್ನ ಅವ್ವನ ಕೈಗೆ ಕೊಟ್ಟೆ. ಕಣ್ಣು ಮಂಜಾಗಿದೆ, ಏಣಿನ ಮೇಲೆ ಬೆರಳಾಡಿಸಿದ್ಲು. ತುದಿ ಮುರಿದು ಹಸಿದೇ ಕಚ್ಚಿದ್ಲು. ಹೀರೆ ಸೋರೆ ಅಡುಗೆಗೆ ಮುಂಚೆ ಕಹಿ ನೋಡೋದು ಅವಳ ಹಳೇ ಅಭ್ಯಾಸ, ನೀವೂ ನೋಡಿ, ಕಹಿ ಇದ್ರೆ ಬಿಸಾಡಿ. "ಕಹಿ ಇಲ್ಲ" ಅಂದ್ಲು, ಅಷ್ಟೇ. ಅವತ್ತು ಹೀರೆಕಾಯಿ ಗೊಜ್ಜು, ಸಿಪ್ಪೆ ಚಟ್ನಿ, ಮುದ್ದೆ. ಅರ್ಧ ಮುದ್ದೆ ತಿನ್ನೋಳು ಒಂದು ಮುದ್ದೆ ತಿಂದ್ಲು.

ಲೆಕ್ಕ ಕೇಳೋರಿಗೆ: ಆಟೋದವನಿಗೆ ವಾರಕ್ಕೆ ಐನೂರು ಹತ್ರ ಕೊಡ್ತಿದ್ವಿ, ಈಗ ಈರುಳ್ಳಿ ಆಲೂಗಡ್ಡೆಗೆ ನೂರೈವತ್ತು. ದೊಡ್ಡ ದುಡ್ಡಲ್ಲ, ಹೊಗೆಸೊಪ್ಪಿನ ಸಾಲ ಇದರಿಂದ ತೀರಲ್ಲ, ಹಾಗಂತ ಸುಳ್ಳು ಹೇಳಲ್ಲ. ಹೊಗೆಸೊಪ್ಪು ಬಿಟ್ಟೆ ಅಂತಲೂ ಹೇಳ್ತಿಲ್ಲ, ಮುಂದಿನ ವರ್ಷನೂ ಹಾಕ್ತೀನಿ. ದಂಟು ಒಂದೇ ಸಲ ಬಲಿತು ಹೆಚ್ಚಾದಾಗ ಪಕ್ಕದ ನಾಲ್ಕು ಮನೆಗೆ ಕೊಟ್ವಿ, ಅವರಲ್ಲಿ ಇಬ್ಬರು ಈಗ ಬೇಲಿ ಕಟ್ತಿದ್ದಾರೆ. ಅವರೆ ಇನ್ನೂ ಹೂವಲ್ಲಿದೆ. ವರ್ಷವಿಡೀ ಬಿಡೋ ಹೆಬ್ಬಾಳದ ತಳಿ ಹಾಕು ಅಂದ್ರು ಕೆಲವರು, ನಾನು ಹಳೇದೇ ಹಾಕಿದೀನಿ. ಚಳಿ, ಇಬ್ಬನಿ ಬೀಳದೆ ಸೊಗಡು ಎಲ್ಲಿಂದ ಬರಬೇಕು?

ಮೊನ್ನೆ ಬಳ್ಳಿಯಲ್ಲಿ ಎರಡು ಹೀರೆ ಬಲಿತು ಒಣಗ್ತಿದ್ವು. ನೋಡದೆ ಬಿಟ್ಟಿದ್ದು ಅಂತ ಕೀಳೋಕೆ ಹೋದೆ. ಜಗಲಿ ಮೇಲಿಂದ ಅವ್ವ ಕೂಗಿದ್ಲು, "ಮುಟ್ಟಬೇಡ, ಅದು ಬೀಜಕ್ಕೆ." ಕಣ್ಣು ಕಾಣದವಳಿಗೆ ಹೇಗೆ ಗೊತ್ತಾಯ್ತೋ. ಈಗ ಗಲಗಲ ಅಂತಿವೆ. ಒಂದೊಂದರಲ್ಲಿ ನೂರಕ್ಕೆ ಹತ್ರ ಬೀಜ ಇರಬಹುದು. ಹತ್ತತ್ತು ಬೀಜದ ಪೊಟ್ಟಣ ಕಟ್ಟಿಡ್ತೀನಿ, ಬೇಕಾದವರು ಈ ಕಡೆ ಬಂದಾಗ ಮನೆಗೆ ಬಂದು ತಗೊಂಡು ಹೋಗಿ. ದುಡ್ಡು ಬೇಡ. ನಿಮ್ಮನೆಯಲ್ಲಿ ಹಳೇ ಈರನಗೆರೆ ಬದನೆ ಬೀಜ ಇದ್ರೆ ಒಂದು ಚಿಟಿಕೆ ತನ್ನಿ.