ಹೆಬ್ಬಳ್ಳಿ ದಾರಿಯ ಉದ್ರಿ ಮತ್ತು ಸ್ಕ್ಯಾನರ್

ಧಾರವಾಡದ ಹೆಬ್ಬಳ್ಳಿ ಅಗಸಿ ದಾಟಿ ಎರೆಹೊಲಗಳ ನಡುವೆ ಮೂಡಣಕ್ಕೆ ಸಾಗಿದರೆ ಹೆಬ್ಬಳ್ಳಿ. ಈ ಸೀಮೆಯ ಹಳ್ಳಿಗಳಲ್ಲಿ ವ್ಯಾಪಾರ ನಡೆದದ್ದು ಮುಖ ನೋಡಿ. ಸುಗ್ಗಿಯ ತನಕ ಉದ್ರಿ ವಹಿಯೇ ಸಾಕ್ಷಿ. 2016ರಲ್ಲಿ ಯುಪಿಐ ಬಂತು. ಕಣ್ಣಿಗೆ ಕಾಣದ ರೊಕ್ಕವನ್ನು ನಂಬುವುದೆಂತು? ಜಮೆಯಾದ ಮೊತ್ತವನ್ನು ಕನ್ನಡದಲ್ಲೇ ಕೂಗಿ ಹೇಳುವ ಪುಟ್ಟ ಪೆಟ್ಟಿಗೆ ಅಕ್ಷರ ಬಾರದವರಿಗೂ ಧೈರ್ಯ ತಂದಿತು.

2025ರ ಜುಲೈನಲ್ಲಿ ಆ ನಂಬಿಕೆ ಅಲುಗಿತು. ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ. ಆದರೂ ನೆರೆಯ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದದ್ದು 29 ಲಕ್ಷ ರೂಪಾಯಿಯ ನೋಟಿಸು! ರಾಜ್ಯದ ಹಲವೆಡೆ ‘ನಗದು ಮಾತ್ರ’ ಎಂಬ ಫಲಕಗಳು ತೂಗಾಡಿದವು. ಕೊನೆಗೆ ಮುಖ್ಯಮಂತ್ರಿಗಳೇ ಅಭಯ ನೀಡಬೇಕಾಯಿತು.

ಉದ್ರಿ ವಹಿ ಇಬ್ಬರ ನಡುವಿನದು. ಫೋನಿನ ವಹಿಯನ್ನು ಮೂರನೆಯವರೂ ಓದಬಲ್ಲರು. ಅವರು ಸರಿಯಾಗಿ ಓದಿದರಷ್ಟೇ ಎರೆಸೀಮೆಯ ನಂಬಿಕೆ ಉಳಿದೀತು.